ಅಗ್ಗದ ಪಿಸ್ತೂಲು ಮನೆಗೆ ಬಂದ ಮೇಲೆ

ಭೀಮಾ ತೀರದ ಊರುಗಳಲ್ಲಿ ‘ಕಂಟ್ರಿ’ ಅಂದರೆ ಏನು ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಲೈಸೆನ್ಸ್ ಇಲ್ಲದ, ಮೈಮೇಲೆ ನಂಬರ್ ಇಲ್ಲದ, ಯಾವುದೋ ಶೆಡ್ಡಿನಲ್ಲಿ ಕೈಯಿಂದ ಮಾಡಿದ ನಾಡ ಪಿಸ್ತೂಲು. ಅಫಜಲಪುರದ ಕಡೆ, ಇಂಡಿ-ಚಡಚಣದ ಕಡೆ ಇಂಥವು ಸಿಕ್ಕ ಸುದ್ದಿ ಬಂದಾಗ ನಮ್ಮ ಸನ್ನತಿ, ಚಿತ್ತಾಪುರ, ಶಹಾಬಾದ್ ಕಡೆಯ ಹಿರಿಯರು ‘ಅದು ಮ್ಯಾಲಿನ ಊರವರ ಕಥಿ, ನಮ್ಮ ಕಡಿ ಅಂಥಾದ್ದಿಲ್ಲ’ ಅನ್ನುತ್ತಾರೆ. ಆದರೆ ಹರಿಯುವ ಹೊಳೆ ಒಂದೇ. ಬದುವಿನ ಜಗಳ, ಉಸುಕಿನ ದಂಧೆ, ಬಡ್ಡಿ ವ್ಯವಹಾರ, ಪಂಚಾಯ್ತಿ ಎಲೆಕ್ಷನ್ನಿನ ಹಟ ಇಲ್ಲೂ ಇವೆ. ಮೊಬೈಲಿನಲ್ಲಿ ಸೊಂಟಕ್ಕೆ ಪಿಸ್ತೂಲು ಸಿಗಿಸಿಕೊಂಡು ನಡೆಯುವ ರೀಲ್ಸ್ ಇಲ್ಲಿನ ಹುಡುಗರೂ ನೋಡುತ್ತಾರೆ.

ಪಿಸ್ತೂಲು ಹೇಗೆ ಬಂತು, ಯಾರು ಹಿಡಿದರು ಎಂಬ ಸುದ್ದಿ ಎಲ್ಲರೂ ಬರೆಯುತ್ತಾರೆ. ಬಂದ ಮೇಲೆ ಇಟ್ಟುಕೊಂಡವನಿಗೆ ಏನಾಯಿತು ಅಂತ ಬರೆಯುವವರು ಕಡಿಮೆ. ಠಾಣೆ, ಕೋರ್ಟು, ಆಸ್ಪತ್ರೆ ಅಂತ ಸುದ್ದಿಗೆ ತಿರುಗುವಾಗ ನಾವು ಇಂಥ ಕೇಸಿನಲ್ಲಿ ಸಿಕ್ಕಿಬಿದ್ದವರ ಜೊತೆ, ಅವರ ಮನೆಯವರ ಜೊತೆ ಮಾತಾಡಿದ್ದೇವೆ. ಹೆಸರು, ಊರು ಬಿಟ್ಟು ಅವರು ಹೇಳಿದ್ದನ್ನೇ ಇಲ್ಲಿ ಇಡುತ್ತೇವೆ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಹೆದರಿಕೆ ಕಳೆಯಲಿ ಅಂತ ತಂದ ಅಗ್ಗದ ಪಿಸ್ತೂಲು ಹೆದರಿಕೆಯನ್ನು ಹೆಚ್ಚಿಸುತ್ತದೆ. ಕೊಟ್ಟ ರೊಕ್ಕ ಅದರ ಬೆಲೆಯಲ್ಲಿ ಮೊದಲ ಕಂತು ಮಾತ್ರ.

ಮೊದಲ ಎಂಟು ದಿನ

ಇಟ್ಟುಕೊಂಡವರು ಹೇಳುವ ಮೊದಲ ಮಾತು ಹೆಚ್ಚುಕಮ್ಮಿ ಒಂದೇ. ಕೈಯಲ್ಲಿ ಹಿಡಿದಾಗ ಅಂದುಕೊಂಡದ್ದಕ್ಕಿಂತ ಭಾರ ಇತ್ತು, ಆ ಭಾರವೇ ಒಂದು ಧೈರ್ಯ ಕೊಟ್ಟಿತು. ಒಬ್ಬ ಹುಡುಗ ನಮಗೆ ಹೇಳಿದ್ದು: “ಮೊದಲ ದಿನ ನಾನೇ ಊರಿಗೆ ಗೌಡ ಅನಸ್ತಿತ್ತಣ್ಣಾ. ಎಂಟ ದಿನಕ್ಕ ನಾಯಿ ಬೊಗಳಿದ್ರೂ ಎದ್ದು ಕೂಡ್ತಿದ್ದೆ.”

ಈ ಎಂಟು ದಿನದಲ್ಲಿ ಆಗಿದ್ದೇನು? ಮೊದಲು, ಎಲ್ಲಿ ಇಡಬೇಕು ಎಂಬ ಚಿಂತೆ. ತೊಗರಿ ಚೀಲದ ಸಂದಿಯಲ್ಲಿ ಇಟ್ಟರೆ ಚೀಲ ಎತ್ತುವ ಆಳು ನೋಡುತ್ತಾನೆ. ಕಣಕಿ ಬಣವಿಯಲ್ಲಿ ಇಟ್ಟರೆ ಮಳೆ. ಹಾಸಿಗೆ ಕೆಳಗೆ ಇಟ್ಟರೆ ಮಕ್ಕಳು. ದೇವರ ಜಗುಲಿಯ ಹಿಂದೆ ಇಟ್ಟರೆ ಅವ್ವ. ದಿನಕ್ಕೊಂದು ಜಾಗ ಬದಲಿಸಿ, ಕೊನೆಗೆ ತಾನೇ ಹೊತ್ತು ತಿರುಗುತ್ತಾನೆ. ಹೊತ್ತು ತಿರುಗಿದರೆ ಸಂತೆಗೆ ಹೋಗುವಾಗ ಚೆಕ್‌ಪೋಸ್ಟ್ ಬಂದರೆ ಎದೆ ಹೊಡೆದುಕೊಳ್ಳುತ್ತದೆ.

ಎರಡನೆಯದು, ಗುಟ್ಟು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ತೋರಿಸದಿದ್ದರೆ ತಂದ ಖುಷಿ ಇಲ್ಲ. ಒಬ್ಬ ಗೆಳೆಯನಿಗೆ ತೋರಿಸುತ್ತಾನೆ. ಅವತ್ತಿನಿಂದ ಆ ಗೆಳೆಯನ ಮಾತಿಗೆ ಇವನು ‘ಇಲ್ಲ’ ಅನ್ನುವಂತಿಲ್ಲ. ಸಾಲ ಕೇಳಿದರೆ ಕೊಡಬೇಕು, ಜಗಳಕ್ಕೆ ಕರೆದರೆ ಹೋಗಬೇಕು. ನಾಳೆ ಅವನ ಜೊತೆ ಮನಸ್ತಾಪ ಬಂದರೆ ಠಾಣೆಗೆ ಒಂದು ಫೋನು ಸಾಕು.

ಮೂರನೆಯದು ಮನೆ. ಹೆಂಡತಿಗೆ ಗೊತ್ತಾಗುವುದು ತಡವಾಗುವುದಿಲ್ಲ. ಗೊತ್ತಾದ ಮೇಲೆ ಗಂಡ-ಹೆಂಡಿರ ನಡುವಿನ ಪ್ರತಿ ಮಾತಿನಲ್ಲಿ ಅದು ಸುಮ್ಮನೆ ಕೂತಿರುತ್ತದೆ. ಗಂಡ ಕುಡಿದು ಬಂದ ರಾತ್ರಿ ಅವಳು ಮಕ್ಕಳನ್ನು ಕರೆದುಕೊಂಡು ಪಕ್ಕದ ಮನೆಗೆ ಹೋಗಿ ಮಲಗುತ್ತಾಳೆ. ವೈರಿಯನ್ನು ಹೆದರಿಸಲು ತಂದದ್ದು ಮೊದಲು ಹೆದರಿಸಿದ್ದು ತನ್ನವರನ್ನೇ.

ಅದು ಎಂಥ ವಸ್ತು

ಕಾರ್ಖಾನೆಯ ಬಂದೂಕನ್ನು ಮಾರುವ ಮುಂಚೆ ಹೆಚ್ಚು ಒತ್ತಡದ ಗುಂಡು ಹಾರಿಸಿ ಪರೀಕ್ಷೆ ಮಾಡಿ, ಮುದ್ರೆ ಒತ್ತುತ್ತಾರೆ. ಗುಂಡಿನ ಬಿಸಿ, ಒತ್ತಡ ತಡೆಯುವ ಉಕ್ಕು ಬೇಕು, ನಳಿಕೆಯ ಅಳತೆ ಕೂದಲೆಳೆಯಷ್ಟೂ ತಪ್ಪಬಾರದು. ನಾಡ ಪಿಸ್ತೂಲಿಗೆ ಇಂಥ ಪರೀಕ್ಷೆ ಯಾರು ಮಾಡುತ್ತಾರೆ? ಸಿಕ್ಕ ಕಬ್ಬಿಣ, ಕಣ್ಣಂದಾಜಿನ ಅಳತೆ. ಹೊರಗೆ ಪಾಲಿಶ್ ಹೊಡೆದು, ಯಾವುದೋ ವಿದೇಶಿ ಕಂಪನಿಯ ಹೆಸರು ಕೊರೆದರೆ ನೋಡಲು ಚೆಂದ ಕಾಣುತ್ತದೆ. ಒಳಗೆ ಏನಿದೆ ಅಂತ ಮಾರಿದವನಿಗೂ ಗೊತ್ತಿರುವುದಿಲ್ಲ.

ಹೀಗಾಗಿ ಬೇಕಾದಾಗ ಗುಂಡು ಹಾರದೆ ಇರಬಹುದು. ಬೇಡವಾದಾಗ, ಕೈ ಜಾರಿ ನೆಲಕ್ಕೆ ಬಿದ್ದರೂ ಹಾರಬಹುದು. ನಳಿಕೆ ಸೀಳಿದರೆ ಬೆರಳು, ಕಣ್ಣು ಹೋಗುತ್ತದೆ. ಸೊಂಟದಲ್ಲಿ ಸಿಗಿಸಿಕೊಂಡವನ ತೊಡೆಯೇ ಅದರ ಮುಂದೆ ಇರುತ್ತದೆ ಎಂಬುದನ್ನು ರೀಲ್ಸ್ ತೋರಿಸುವುದಿಲ್ಲ. ಗುಂಡೇಟು ಆದವನು ಆಸ್ಪತ್ರೆಗೆ ಹೋದರೆ ಅದು ಪೊಲೀಸ್ ಕೇಸು. ಆ ಹೆದರಿಕೆಗೆ ಮನೆಯಲ್ಲೇ ಬಟ್ಟೆ ಸುತ್ತಿಕೊಂಡು ಮಲಗಿದರೆ ರಕ್ತ ಹರಿದು ಜೀವ ಹೋಗುತ್ತದೆ. ಕೇಸಿಗೆ ಹೆದರಿ ಗಾಯ ಮುಚ್ಚಬೇಡಿ, 108ಕ್ಕೆ ಫೋನ್ ಮಾಡಿ.

ಇನ್ನೊಂದು ಸಂಗತಿ ಬಹಳ ಹುಡುಗರಿಗೆ ಗೊತ್ತಿಲ್ಲ. ಪ್ರತಿ ಪಿಸ್ತೂಲು ತಾನು ಹಾರಿಸಿದ ಗುಂಡಿನ ಮೇಲೆ, ಖಾಲಿ ತೋಟದ ಮೇಲೆ ತನ್ನದೇ ಗೀರು ಬಿಡುತ್ತದೆ. ಪ್ರಯೋಗಾಲಯದಲ್ಲಿ ಅದನ್ನು ಬೆರಳಚ್ಚಿನಂತೆ ಹೋಲಿಸಿ ನೋಡುತ್ತಾರೆ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಮನೆಯಲ್ಲಿ ಎಂ.ಎಂ. ಕಲಬುರ್ಗಿ ಅವರನ್ನು ಕೊಂದರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ಮನೆ ಮುಂದೆ ಗೌರಿ ಲಂಕೇಶ್ ಅವರನ್ನು ಕೊಂದರು. ಎರಡೂ ಕಡೆ ಸಿಕ್ಕ ಗುಂಡು, ತೋಟಗಳನ್ನು ಹೋಲಿಸಿದ ವಿಧಿವಿಜ್ಞಾನ ಪ್ರಯೋಗಾಲಯ, ಹಾರಿದ್ದು ಒಂದೇ 7.65 ಎಂಎಂ ನಾಡ ಪಿಸ್ತೂಲಿನಿಂದ ಅಂತ ವರದಿ ಕೊಟ್ಟಿತು. ಕಲಬುರ್ಗಿಯವರು ನಮ್ಮ ನೆರೆಯ ಸಿಂದಗಿ ತಾಲ್ಲೂಕಿನಲ್ಲಿ ಹುಟ್ಟಿದವರು, ಬಾಳೆಲ್ಲ ಶಾಸನ, ವಚನ ಓದಿದ ಮನುಷ್ಯ. ಅವರ ಜೀವ ತೆಗೆದದ್ದು ಕೂಡ ಇಂಥದೇ ನಾಡ ಪಿಸ್ತೂಲು.

ಇದರಿಂದ ನಮ್ಮ ಹುಡುಗರು ತಿಳಿಯಬೇಕಾದದ್ದು ಇಷ್ಟು. ನಿಮ್ಮ ಕೈಗೆ ಬಂದ ‘ಸೆಕೆಂಡ್ ಹ್ಯಾಂಡ್’ ಪಿಸ್ತೂಲು ಅದಕ್ಕೂ ಮುಂಚೆ ಯಾರ ಎದೆಗೆ ಹಾರಿದೆಯೋ ನಿಮಗೆ ಗೊತ್ತಿಲ್ಲ. ಅದು ನಿಮ್ಮ ಮನೆಯಲ್ಲಿ ಸಿಕ್ಕ ದಿನ, ಯಾರೋ ಮಾಡಿದ ಹಳೆಯ ಕೇಸಿನ ತನಿಖೆ ನಿಮ್ಮ ಬಾಗಿಲಿಗೆ ಬರುತ್ತದೆ. ನೀವು ಬೇಡವೆಂದು ಮಾರಿದ ಪಿಸ್ತೂಲು ನಾಳೆ ಯಾರನ್ನು ಕೊಲ್ಲುತ್ತದೋ ಅದೂ ನಿಮಗೆ ಗೊತ್ತಿಲ್ಲ.

ಕಾನೂನಿನ ಲೆಕ್ಕ

1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರ ಡಿಸೆಂಬರ್‌ನಲ್ಲಿ ತಿದ್ದುಪಡಿ ಬಂದು ಶಿಕ್ಷೆ ಜಾಸ್ತಿಯಾಗಿದೆ. ಊರಿನ ಕಟ್ಟೆಯ ಮೇಲೆ ಇನ್ನೂ ಹಳೇ ಲೆಕ್ಕವೇ ನಡೆಯುತ್ತಿದೆ. ‘ಆರು ತಿಂಗಳಾದ್ರ ಹೊರಗ ಬರ್ತಾರ ಬಿಡು’ ಅನ್ನುವವರು ಈ ಸಾಲುಗಳನ್ನು ಓದಲಿ.

ಲೈಸೆನ್ಸ್ ಇಲ್ಲದೆ ಪಿಸ್ತೂಲು ಇಟ್ಟುಕೊಂಡರೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು, ಜೊತೆಗೆ ದಂಡ. ಪಿಸ್ತೂಲಿಲ್ಲದೆ ಬರೇ ಗುಂಡು ಇಟ್ಟುಕೊಂಡರೂ ಇದೇ ಕಲಂ.

9 ಎಂಎಂ ಪಿಸ್ತೂಲಿನಂಥ, ಸಾಮಾನ್ಯರಿಗೆ ನಿಷೇಧಿಸಿದ ಆಯುಧವಾದರೆ ಕನಿಷ್ಠ 7, ಗರಿಷ್ಠ 14 ವರ್ಷ.

ಅಕ್ರಮವಾಗಿ ತಯಾರಿಸಿದರೆ, ಮಾರಿದರೆ ಕನಿಷ್ಠ 7 ವರ್ಷ, ಜೀವಾವಧಿಯವರೆಗೂ ಹೋಗಬಹುದು. ಅಂದರೆ ಸಾಕಾಯಿತು ಅಂತ ಗೆಳೆಯನಿಗೆ ಮಾರಿದವನು ಸಣ್ಣ ಕೇಸಿನಿಂದ ದೊಡ್ಡ ಕೇಸಿಗೆ ಹೋದ.

ಮದುವೆ, ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿದರೆ, ಲೈಸೆನ್ಸ್ ಇದ್ದ ಬಂದೂಕೇ ಆಗಿದ್ದರೂ, 2 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ.

‘ಎರಡ ದಿನ ನಿಮ್ಮ ಮನ್ಯಾಗ ಇರಲಿ’ ಅಂತ ಗೆಳೆಯ ಕೊಟ್ಟದ್ದನ್ನು ಗೊತ್ತಿದ್ದೂ ಇಟ್ಟುಕೊಂಡವನ ಮೇಲೂ ಕೇಸು ಬೀಳುತ್ತದೆ. ಗೆಳೆತನ ಕಾನೂನಿನಲ್ಲಿ ನೆಪ ಆಗುವುದಿಲ್ಲ.

ಇದು ಪುಸ್ತಕದ ಲೆಕ್ಕ. ಮನೆಯ ಲೆಕ್ಕ ಬೇರೆ ಇದೆ. ಕೋರ್ಟಿನ ಆವರಣದಲ್ಲಿ ಒಬ್ಬ ತಂದೆ ನಮಗೆ ಹೇಳಿದರು: “ಮಗಗ ಗಾಡಿ ಕೊಡಸಲಾಕ ರೊಕ್ಕ ಇಲ್ಲಂದಿದ್ದೆ ನೋಡ್ರಿ. ಅವ ಇದನ್ನ ತಂದ. ಈಗ ವಕೀಲರಿಗಂತ ಎರಡ ಎಕರೆ ಹೊಲ ಲಾವಣಿಗಿ ಹಾಕೀನಿ.” ಜಾಮೀನು, ವಕೀಲರು, ತಾರೀಖಿಗೊಮ್ಮೆ ಬಸ್ಸು, ಊಟ, ಹೋದ ಕೂಲಿ. ಹುಡುಗನಿಗೆ ಹೆಣ್ಣು ಕೊಡುವವರು ಹಿಂದೆ ಸರಿಯುತ್ತಾರೆ. ನೌಕರಿಯ ಪೊಲೀಸ್ ವೆರಿಫಿಕೇಶನ್ನಿನಲ್ಲಿ ಕೇಸು ಎದ್ದು ಕಾಣುತ್ತದೆ. ಅಗ್ಗದ್ದು ಅಂತ ತಂದದ್ದಕ್ಕೆ ಮನೆಮಂದಿಯೆಲ್ಲ ವರ್ಷಗಟ್ಟಲೆ ಕಂತು ಕಟ್ಟುತ್ತಾರೆ.

ನೇರ ದಾರಿ ಎಷ್ಟು ದೂರ

ಲೈಸೆನ್ಸ್ ತೆಗೆದುಕೊಂಡೇ ತರಬಹುದಲ್ಲ ಅಂತ ಕೇಳುವವರಿದ್ದಾರೆ. ತರಬಹುದು. 21 ವರ್ಷ ತುಂಬಿರಬೇಕು. ನಮ್ಮ ತಾಲ್ಲೂಕುಗಳಲ್ಲಿ ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿ. ಅರ್ಜಿ, ವೈದ್ಯರ ಪ್ರಮಾಣಪತ್ರ, ಬಂದೂಕು ಬಳಸುವ ತರಬೇತಿ, ಪೊಲೀಸ್ ವರದಿ ಬೇಕು. ಜೀವಕ್ಕೆ ಅಪಾಯ ಇದೆ ಅಂದರೆ ಅದಕ್ಕೆ ಕಾರಣ ತೋರಿಸಬೇಕು. ಕೊಟ್ಟರೆ 5 ವರ್ಷದ ಲೈಸೆನ್ಸ್, ಕೊಂಡ ಗುಂಡಿಗೂ ಲೆಕ್ಕ. ಎಲೆಕ್ಷನ್ ಬಂದಾಗ ಠಾಣೆಯಲ್ಲಿ ಜಮಾ ಮಾಡಲು ಆದೇಶ ಬರುತ್ತದೆ.

ಬೆಲೆಯೂ ನಮ್ಮ ಕೈಗೆ ನಿಲುಕುವಂಥದ್ದಲ್ಲ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಮಹಿಳೆಯರ ರಕ್ಷಣೆಗೆ ಅಂತ ‘ನಿರ್ಭೀಕ್’ ಎಂಬ ಹಗುರ ರಿವಾಲ್ವರ್ ತಂದಿತು. ತೂಕ ಸುಮಾರು 500 ಗ್ರಾಂ, ಅವತ್ತಿನ ಬೆಲೆ 1,22,360 ರೂಪಾಯಿ. ನಮ್ಮ ಕಡೆ ಸಣ್ಣ ರೈತನಿಗೆ ಒಂದು ಸುಗ್ಗಿಯಲ್ಲಿ ಅಷ್ಟು ಉಳಿಯುವುದು ಕಷ್ಟ. ಕೂಲಿ ಮಾಡುವ ಹೆಣ್ಣುಮಗಳಿಗಂತೂ ಅದು ಮಾತಿಗೂ ಇಲ್ಲ.

ಇಲ್ಲಿ ನಮ್ಮ ಓದುಗರ ಒಂದು ಸಿಟ್ಟನ್ನು ಒಪ್ಪಬೇಕು. ದೊಡ್ಡವರು ಲೈಸೆನ್ಸ್ ರಿವಾಲ್ವರ್ ಇಟ್ಟುಕೊಂಡು ತಿರುಗುತ್ತಾರೆ, ಅವರ ಹೊಲದ ಪಕ್ಕದ ಬಡವನಿಗೆ ಠಾಣೆಯಲ್ಲಿ ಕುರ್ಚಿಯೂ ಸಿಗುವುದಿಲ್ಲ. ‘ನಮ್ಮನ್ನ ಯಾರು ಕಾಯ್ತಾರ?’ ಎಂಬ ಪ್ರಶ್ನೆ ಸುಳ್ಳಲ್ಲ. ಅದಕ್ಕೆ ಉತ್ತರ ಕಂಟ್ರಿ ಅಲ್ಲ ಎಂಬುದು ನಮ್ಮ ವಾದ.

ಯಾಕೆ ಅಂದರೆ ಪಿಸ್ತೂಲು ಇದ್ದ ಮಾತ್ರಕ್ಕೆ ಜೀವ ಉಳಿಯುವುದಿಲ್ಲ. 2014ರ ಜನವರಿಯಲ್ಲಿ ಕಲಬುರಗಿ ನಗರದಲ್ಲಿ ರೌಡಿಯೊಬ್ಬನನ್ನು ಹಿಡಿಯಲು ಹೋದ ಸಬ್ ಇನ್‌ಸ್ಪೆಕ್ಟರ್ ಮಲ್ಲಿಕಾರ್ಜುನ ಬಂಡೆ ಗುಂಡೇಟು ತಿಂದರು, ಒಂದು ವಾರ ಹೋರಾಡಿ ಹೈದರಾಬಾದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ತರಬೇತಿ ಪಡೆದ ಅಧಿಕಾರಿ, ಜೊತೆಗೆ ಪೊಲೀಸರು. ಅಂಥವರಿಗೇ ಹೀಗಾದರೆ, ಒಂದೇ ಒಂದು ದಿನ ಗುರಿ ಹಿಡಿದು ಕಲಿಯದ ನಮ್ಮ ಹುಡುಗ ಕತ್ತಲಲ್ಲಿ ಏನು ಮಾಡಿಯಾನು? ಹೊಡೆಯಲು ಬರುವವನು ಮುಂಚೆ ಹೇಳಿ ಬರುವುದಿಲ್ಲ. ನೀವು ತಂದಿದ್ದೀರಿ ಅಂತ ಗೊತ್ತಾದರೆ ಎದುರಿನವನೂ ತರುತ್ತಾನೆ. ಮೊದಲು ಬಡಿಗೆಯಲ್ಲಿ ಮುಗಿಯುತ್ತಿದ್ದ ಜಗಳ ಹೆಣದಲ್ಲಿ ಮುಗಿಯುತ್ತದೆ.

ಕಾಯುವ ದಾರಿಗಳು

ಪಿಸ್ತೂಲಿನ ಆಸೆ ಹುಟ್ಟುವುದು ಜಗಳದಲ್ಲಿ. ಜಗಳಕ್ಕೆ ಮದ್ದು ಹುಡುಕಿದರೆ ಪಿಸ್ತೂಲಿನ ಮಾತೇ ಬರುವುದಿಲ್ಲ.

ಬದುವಿನ ತಕರಾರು ಇದ್ದರೆ ನಾಡಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಕೊಡಿ. ಸರ್ವೆಯವರು ಬಂದು ಅಳೆದು ಕಲ್ಲು ನೆಡಲಿ. ಅಳತೆಗೆ ಬರುವಾಗ ಪಕ್ಕದ ಹೊಲದವರಿಗೂ ನೋಟಿಸ್ ಹೋಗುತ್ತದೆ, ಎಲ್ಲರೆದುರು ಆದದ್ದು ಗಟ್ಟಿ ನಿಲ್ಲುತ್ತದೆ.

ಯಾರಾದರೂ ಬೆದರಿಕೆ ಹಾಕಿದರೆ ಬಾಯಿಮಾತಿನಲ್ಲಿ ಬಿಡಬೇಡಿ. ದೂರು ಬರೆದುಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಎಫ್‌ಐಆರ್ ಆದರೆ ಅದರ ಪ್ರತಿ ದೂರು ಕೊಟ್ಟವರಿಗೆ ಪುಕ್ಕಟೆ ಕೊಡಬೇಕು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಬಹುದು. ಇದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂನಲ್ಲಿಯೇ ಇದೆ.

ಎರಡು ಮನೆತನದ ನಡುವೆ ಹೊಡೆದಾಟ ಆಗುವ ಲಕ್ಷಣ ಇದ್ದರೆ, ತಾಲ್ಲೂಕು ದಂಡಾಧಿಕಾರಿ ಶಾಂತಿ ಕಾಪಾಡುವ ಮುಚ್ಚಳಿಕೆ ಬರೆಸಿಕೊಳ್ಳಬಹುದು. ಹಳೆಯ ಕಾನೂನಿನ ‘107’ ಅಂತ ಊರಿಗೆಲ್ಲ ಗೊತ್ತಿರುವುದು ಇದೇ. 2024ರ ಜುಲೈ 1ರಿಂದ ಅದು 126ನೇ ಕಲಂ ಆಗಿದೆ. ಒಂದು ವರ್ಷದವರೆಗೆ ಎರಡೂ ಕಡೆಯವರ ಕೈ ಕಟ್ಟಿಹಾಕುವ ಶಕ್ತಿ ಆ ಕಾಗದಕ್ಕಿದೆ.

ಅಪಾಯ ಕಣ್ಣೆದುರು ಇದ್ದರೆ 112. ವಕೀಲರಿಗೆ ಕೊಡಲು ರೊಕ್ಕ ಇಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟಿನಲ್ಲೇ ಇದೆ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಕಡಿಮೆ ಆದಾಯದವರಿಗೆ ವಕೀಲರು ಪುಕ್ಕಟೆ. ಸಹಾಯವಾಣಿ 15100.

ಈ ದಾರಿಗಳು ನಿಧಾನ ಅಂತ ನಮಗೂ ಗೊತ್ತು. ಸರ್ವೆಗೆ ಅರ್ಜಿ ಕೊಟ್ಟು ತಿಂಗಳುಗಟ್ಟಲೆ ಕಾದವರನ್ನು ಕಂಡಿದ್ದೇವೆ. ಅದಕ್ಕೇ ಅಧಿಕಾರಿಗಳಿಗೂ ಒಂದು ಮಾತು ಹೇಳಬೇಕು. ಪಿಸ್ತೂಲು ಹಿಡಿದಾಗ ಮೇಜಿನ ಮೇಲೆ ಜೋಡಿಸಿ ಫೋಟೋ ತೆಗೆಸುವುದು ಒಂದು ಕೆಲಸ. ಹದ್ದುಬಸ್ತಿನ ಅರ್ಜಿ ತಿಂಗಳಾನುಗಟ್ಟಲೆ ಕೊಳೆಯದಂತೆ ನೋಡುವುದು, ಬೆದರಿಕೆಯ ದೂರು ಕೊಟ್ಟ ಬಡವನನ್ನು ಕೂಡಿಸಿ ಕೇಳುವುದು ಅದಕ್ಕಿಂತ ದೊಡ್ಡ ಕೆಲಸ. ನ್ಯಾಯ ತಡವಾದ ಕಡೆ ಪಿಸ್ತೂಲು ಮಾರುವವನಿಗೆ ಗಿರಾಕಿ ಸಿಗುತ್ತಾನೆ. ‘ಭೀಮಾ ತೀರದ ಹಂತಕರು’ ಅಂತ ಟಿವಿಯಲ್ಲಿ ದಪ್ಪ ಅಕ್ಷರದಲ್ಲಿ ಬರುವ ಹೆಸರು ಇಲ್ಲಿನ ಹುಡುಗನಿಗೆ ಬೈಗುಳದಂತೆ ಕೇಳುವುದಿಲ್ಲ, ಬಿರುದಿನಂತೆ ಕೇಳುತ್ತದೆ. ಅದನ್ನೂ ನಿಲ್ಲಿಸಬೇಕು.

ನಮ್ಮ ಊರಿನ ಕಲ್ಲು

ಸನ್ನತಿಯ ಹೆಸರು ಜಗತ್ತಿಗೆ ಗೊತ್ತಾದದ್ದು ಬೇರೆ ಕಾರಣಕ್ಕೆ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ, ದೇವಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಕಳಿಂಗದಲ್ಲಿ ಹೆಣಗಳನ್ನು ಕಂಡು ಯುದ್ಧ ಬಿಟ್ಟ ರಾಜ. ಒಡಿಶಾದ ಧೌಳಿ, ಜೌಗಡ ಬಿಟ್ಟರೆ ನಮ್ಮ ಸನ್ನತಿಯಲ್ಲೇ ಸಿಕ್ಕ ಎರಡು ಪ್ರತ್ಯೇಕ ಶಾಸನಗಳು ಅದರಲ್ಲಿವೆ. ಅವುಗಳಲ್ಲಿ ಒಂದು, ನ್ಯಾಯ ನೋಡುವ ಅಧಿಕಾರಿಗಳಿಗೆ ಬರೆದದ್ದು. ನ್ಯಾಯ ಕೆಡಿಸುವ ದೋಷಗಳನ್ನು ಅದರಲ್ಲಿ ಎಣಿಸಿದ್ದಾನೆ. ಹೊಟ್ಟೆಕಿಚ್ಚು, ಸಿಟ್ಟು, ಕ್ರೌರ್ಯ, ಅವಸರ, ಆಲಸ್ಯ ಅದರಲ್ಲಿವೆ.

ಎರಡು ಸಾವಿರ ವರ್ಷಕ್ಕೂ ಹಿಂದಿನ ಆ ಪಟ್ಟಿ ಇವತ್ತಿಗೂ ಹಳತಾಗಿಲ್ಲ. ಅಧಿಕಾರಿಯ ಆಲಸ್ಯ ಒಂದು ಕಡೆ, ಹುಡುಗರ ಸಿಟ್ಟು ಮತ್ತು ಅವಸರ ಇನ್ನೊಂದು ಕಡೆ. ಬರಿಗೈಯಲ್ಲಿದ್ದವನ ಸಿಟ್ಟು ಮನೆ ಮುಟ್ಟುವಷ್ಟರಲ್ಲಿ ಇಳಿಯುತ್ತದೆ. ಸೊಂಟದಲ್ಲಿ ಪಿಸ್ತೂಲಿದ್ದವನ ಸಿಟ್ಟಿಗೆ ಇಳಿಯಲು ಹೊತ್ತೇ ಸಿಗುವುದಿಲ್ಲ.

ಕೊನೆಗೆ, ಈಗಾಗಲೇ ಮನೆಯಲ್ಲಿ ಇಟ್ಟುಕೊಂಡವರಿಗೆ, ಇಟ್ಟುಕೊಂಡದ್ದು ಗೊತ್ತಿರುವ ಅವ್ವ, ಅಪ್ಪ, ಅಕ್ಕ, ಹೆಂಡತಿಯರಿಗೆ ನಮ್ಮ ಮಾತು. ಅದನ್ನು ಬಾವಿಗೆ ಎಸೆಯಬೇಡಿ, ಹೂಳಬೇಡಿ, ಮಾರಬೇಡಿ, ಬಿಚ್ಚಲು ಹೋಗಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಮೊದಲು ಒಬ್ಬ ವಕೀಲರನ್ನು ಕಾಣಿ, ಅವರ ಸಲಹೆಯಂತೆ ಠಾಣೆಗೆ ಒಪ್ಪಿಸುವ ದಾರಿ ಹುಡುಕಿ. ಕೇಸು ಆಗುವುದೇ ಇಲ್ಲ ಅಂತ ನಾವು ಭರವಸೆ ಕೊಡಲಾರೆವು. ಆದರೆ ತಾನಾಗಿ ಒಪ್ಪಿಸಿದವನಿಗೂ ದಾಳಿಯಲ್ಲಿ ಸಿಕ್ಕವನಿಗೂ ಜನರ ಕಣ್ಣಲ್ಲಿ, ಕೋರ್ಟಿನ ಕಣ್ಣಲ್ಲಿ ವ್ಯತ್ಯಾಸ ಇರುತ್ತದೆ. ಅಜ್ಜನ ಕಾಲದ ಲೈಸೆನ್ಸ್ ಬಂದೂಕು ಇದ್ದು ಅಜ್ಜ ತೀರಿಹೋಗಿದ್ದರೆ, ಅದನ್ನೂ ತಡಮಾಡದೆ ಠಾಣೆಯಲ್ಲಿ ಜಮಾ ಮಾಡಿ ರಸೀದಿ ತೆಗೆದುಕೊಳ್ಳಿ. ಬೇಕಾದರೆ ವಾರಸುದಾರರು ಆಮೇಲೆ ಲೈಸೆನ್ಸ್‌ಗೆ ಅರ್ಜಿ ಹಾಕಬಹುದು.

ತರಬೇಕು ಅಂತ ಮನಸ್ಸು ಮಾಡಿರುವ ತಮ್ಮಂದಿರಿಗೆ ಇಷ್ಟೇ ಹೇಳುವುದು. ಆ ರೊಕ್ಕ ಕಿಸೆಯಲ್ಲೇ ಇರಲಿ. ಯಾರ ಮೇಲೆ ಸಿಟ್ಟಿದೆಯೋ ಅವರ ಹೆಸರು, ಯಾಕೆ ಸಿಟ್ಟು ಎಂಬ ಕಾರಣ ಒಂದು ಹಾಳೆಯಲ್ಲಿ ಬರೆಯಿರಿ. ಬರೆದದ್ದನ್ನು ನಿಮ್ಮ ಮನೆಯ ಹಿರಿಯರಿಗೆ ತೋರಿಸಿ, ಅವರನ್ನು ಕರೆದುಕೊಂಡು ನಾಡಕಚೇರಿಗೋ ಠಾಣೆಗೋ ಹೋಗಿ. ಅಲ್ಲಿ ಯಾರೂ ಕೇಳದಿದ್ದರೆ ನಮಗೆ ತಿಳಿಸಿ, ನಾವು ಬರೆಯುತ್ತೇವೆ.